ಅಂಚೆಚೀಟಿಯ ಬೆನ್ನಿನ ಬರಹ

ನಮ್ಮ ಮನೆಯ ದೇವರ ಗೂಡಿನ ಕೆಳಗೆ, ವಿಭೂತಿ ಗಟ್ಟಿಗಳನ್ನಿಡುವ ಡಬ್ಬಿಯ ಪಕ್ಕದಲ್ಲಿ, ಒಂದು ಹಳೆಯ ಲೆಕ್ಕದ ಪುಸ್ತಕವಿದೆ. ಅದರ ರಟ್ಟು ಸಡಿಲಗೊಂಡಿದೆ; ಹಾಳೆಗಳು ಹಳದಿಗಟ್ಟಿವೆ. ಹೊಸದಾಗಿ ಮನೆಗೆ ಬಂದವರು ಅದನ್ನು ಯಾವುದೋ ಜಮಾಖರ್ಚಿನ ಪುಸ್ತಕವೆಂದೇ ಭಾವಿಸುತ್ತಾರೆ. ತೆರೆದು ನೋಡಿದರೆ ಮೊದಲ ಪುಟದಲ್ಲಿ ಕಾಣಿಸುವುದು 15 ಪೈಸೆಯ ಒಂದು ಅಂಚೆಚೀಟಿ. ಆ ಚೀಟಿಯಲ್ಲಿರುವವರು ವಿಶ್ವಗುರು ಬಸವಣ್ಣನವರು.

1967ನೆಯ ಇಸವಿಯಲ್ಲಿ, ಬಸವಣ್ಣನವರು ಲಿಂಗೈಕ್ಯರಾಗಿ ಎಂಟು ನೂರು ವರ್ಷಗಳು ತುಂಬಿದವೆಂದು ಅಂದಿನ ಮೈಸೂರು ರಾಜ್ಯದಲ್ಲಿ ಶತಮಾನೋತ್ಸವವು ವಿಜೃಂಭಣೆಯಿಂದ ಜರುಗಿತು. ಆ ವರ್ಷದ ಮೇ 11ರಂದು ಭಾರತೀಯ ಅಂಚೆ ಇಲಾಖೆಯು ಈ ಚೀಟಿಯನ್ನು ಹೊರತಂದಿತು. ಸಾಧಾರಣ ಪತ್ರವೊಂದಕ್ಕೆ ಅಂದು ಅಂಟಿಸಬೇಕಾಗಿದ್ದ ಬೆಲೆಯೂ 15 ಪೈಸೆಯೇ. ಆದುದರಿಂದ ಆ ದಿನಗಳಲ್ಲಿ ಬಸವಣ್ಣನವರು ಶ್ರೀಮಂತರ ಆಲ್ಬಮ್ಮುಗಳಲ್ಲಿ ಮಾತ್ರ ನೆಲೆಸಲಿಲ್ಲ. ಸಾಲ ಕೇಳುವ ಪತ್ರ, ಹೆಣ್ಣು ನೋಡಲು ಬರುವ ಪತ್ರ, ಎತ್ತು ಕೊಂಡ ಸುದ್ದಿಯ ಪತ್ರ, ಎಲ್ಲದರ ಮೇಲೂ ಕುಳಿತು ಊರೂರು ಸುತ್ತಿದರು.

ಮೈಸೂರಿನಲ್ಲಿ ಸುತ್ತೂರು ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದ ನಮ್ಮ ಅಣ್ಣನ ಪತ್ರದ ಮೇಲೆ ಆ ಚೀಟಿ ಗುಂಡ್ಲುಪೇಟೆಯ ನಮ್ಮ ಮನೆಯನ್ನು ತಲುಪಿತು. ನಮಗೆ ಆಗ ಹತ್ತು ವರ್ಷ. ಮನೆಯವರೆಲ್ಲರೂ ಸಂತೋಷಪಟ್ಟರೆ ಅಜ್ಜಿಯೊಬ್ಬರು ಮಾತ್ರ ಮುಖ ಗಂಟಿಕ್ಕಿಕೊಂಡರು. ಬಸವಣ್ಣನವರ ಹಣೆಯ ಮೇಲೆಯೇ ಅಂಚೆ ಕಚೇರಿಯ ಕಪ್ಪು ಮುದ್ರೆ ಬಿದ್ದಿತ್ತು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಮುಂದೆ ದಸರೆಯ ರಜೆಗೆ ಅಣ್ಣ ಬಂದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ಅದು: "ನಾಲ್ಗೇಲಿ ನೆಕ್ಕಿ ಅಂಟಿಸ್ದ್ಯಾ ಮಗ?" ಎಂಜಲು ಸೋಕಿತೋ ಏನೋ ಎಂಬ ಭಯ. ಇಲ್ಲ, ನೀರು ಹಚ್ಚಿಯೇ ಅಂಟಿಸಿದೆನೆಂದು ಅಣ್ಣ ಆಣೆಯಿಟ್ಟು ಹೇಳಿದ ಮೇಲೆಯೇ ಅವರಿಗೆ ಸಮಾಧಾನವಾದದ್ದು. ಅಣ್ಣ ಹೇಳಿದ್ದು ನಿಜವೋ ಸುಳ್ಳೋ, ನಾವು ಇಂದಿಗೂ ಕೇಳಿಲ್ಲ.

ಆ ರಜೆಯಲ್ಲಿಯೇ ಅಣ್ಣ ನಮಗೆ ಅಂಚೆಚೀಟಿ ಕೂಡಿಡುವ ಹವ್ಯಾಸವನ್ನು ಹಚ್ಚಿದ್ದು. ಲಕೋಟೆಯ ಮೂಲೆಯನ್ನು ಕತ್ತರಿಸಿ, ತಟ್ಟೆಯ ನೀರಿನಲ್ಲಿ ತೇಲಿಬಿಟ್ಟು, ಅಂಟು ಕರಗಿದ ಬಳಿಕ ಚೀಟಿಯನ್ನು ಮೆಲ್ಲನೆ ಬಿಡಿಸಿ, ಬಟ್ಟೆಯ ಮೇಲೆ ಬೋರಲಾಗಿ ಒಣಹಾಕುವುದನ್ನು ಕಲಿತೆವು. ಕಲಿತದ್ದು ಅಷ್ಟೇ. ಕಲಿಯದೆ ಉಳಿದದ್ದರಿಂದ ಆದ ಅನಾಹುತವನ್ನು ಮುಂದೆ ಹೇಳುತ್ತೇವೆ.

ಅಂಚೆಗೂ ನಮ್ಮ ಸೀಮೆಗೂ ಇರುವ ನಂಟು ಇಂದುನಿನ್ನೆಯದಲ್ಲ. ಮೈಸೂರು ಸಂಸ್ಥಾನದಲ್ಲಿ ಅಂಚೆಯ ವ್ಯವಸ್ಥೆಯನ್ನು ಸ್ಥಾಪಿಸಿದವನೆಂದು ಹೆಸರಾದ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮೊದಲು ನಿರ್ಬಂಧದಲ್ಲಿ ಕಾಲ ಕಳೆದದ್ದು ಗುಂಡ್ಲುಪೇಟೆಯ ಸಮೀಪದ ಹಂಗಳದಲ್ಲಿ. ತಂದೆಯ ನೆನಪಿಗಾಗಿ ಅವರು ಗುಂಡ್ಲುಪೇಟೆಯಲ್ಲಿ ಪರವಾಸುದೇವರ ದೇವಾಲಯವನ್ನು ಕಟ್ಟಿಸಿದರು. 1673ರಿಂದ 1704ರವರೆಗೆ ಆಳಿದ ಈ ದೊರೆಯ ಅಂಚೆಯವರು ಓಲೆಗಳನ್ನು ಹೊತ್ತು ಊರಿಂದೂರಿಗೆ ಓಡುತ್ತಿದ್ದರು. ಊರಿನ ಗುಟ್ಟುಗಳನ್ನೂ ಅರಮನೆಗೆ ಮುಟ್ಟಿಸುತ್ತಿದ್ದರೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಅದೇ ದೊರೆಯ ಕಾಲದಲ್ಲಿ ಕಂದಾಯದ ವಿರುದ್ಧ ಎದ್ದ ಗಲಭೆಯಲ್ಲಿ ಜಂಗಮರಿಗೆ ಒದಗಿದ ಘೋರವನ್ನೂ ಅವನೇ ಬರೆದಿದ್ದಾನೆ. ಅವನ ಮಾತಿನಲ್ಲಿ ಎಷ್ಟು ನಿಜವೆಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದೆಯಾದರೂ ನಮ್ಮ ಹಿರಿಯರ ಬಾಯಲ್ಲಿ ಆ ನೆನಪು ಮಾಸಿರಲಿಲ್ಲ. ಹೀಗಾಗಿ ಅಂಚೆಯೆಂದರೆ ಜನರನ್ನು ಬೆಸೆಯುವ ದಾರ ಎಂದು ಒಮ್ಮೆಲೇ ಹೊಗಳಿಬಿಡಲು ನಮಗೆ ಮನಸ್ಸು ಬಾರದು. ಯಾರ ಕೈಯಲ್ಲಿ ಇದೆ, ಏತಕ್ಕಾಗಿ ಇದೆ ಎಂಬುದನ್ನೂ ನೋಡಬೇಕಾಗುತ್ತದೆ.

ಮೈಸೂರಿನ ಆ ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಯಿತು. ನೆರೆಯ ತಿರುವಾಂಕೂರು, ಕೊಚ್ಚಿ, ಹೈದರಾಬಾದು ಸಂಸ್ಥಾನಗಳು ತಮ್ಮವೇ ಅಂಚೆಚೀಟಿಗಳನ್ನು ಅಚ್ಚು ಹಾಕಿಸಿದವು, ಮೈಸೂರು ಹಾಕಿಸಲಿಲ್ಲ. ಸಂಗ್ರಾಹಕರಿಗೆ ಇದೊಂದು ಕೊರಗು.

ಇನ್ನು ಆ ಅನಾಹುತದ ವಿಷಯ. 1969ರಲ್ಲಿ ನಮ್ಮ ತಂದೆಯವರು ಕೊಳ್ಳೇಗಾಲದ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ವಾರಕ್ಕೊಂದು ಇನ್‌ಲ್ಯಾಂಡ್ ಪತ್ರ ಬರೆಯುವರು. ಅಕ್ಕನ ಮದುವೆ ನಿಶ್ಚಯವಾಗಿತ್ತು. ಕೊಳ್ಳೇಗಾಲದ ರೇಷ್ಮೆ ಸೀರೆಗೆ ಹೆಸರಾದ ಊರು. ಅಲ್ಲಿಯೇ ಒಬ್ಬ ನೇಕಾರರ ಮನೆಯಲ್ಲಿ ಧಾರೆಯ ಸೀರೆಯನ್ನು ತೆಗೆದುಕೊಂಡಿರುವುದಾಗಿಯೂ, ಇನ್ನೂ 35 ರೂಪಾಯಿ ಕೊಡುವುದು ಬಾಕಿ ಇರುವುದಾಗಿಯೂ ಒಂದು ಪತ್ರದಲ್ಲಿ ತಿಳಿಸಿದ್ದರು. ಅವ್ವನಿಗೆ ಓದು ಬರದು. ಅಕ್ಕ ಓದಿ ಹೇಳಿ, ಪತ್ರವನ್ನು ಗೂಡಿನಲ್ಲಿಟ್ಟಳು. ಮಾರನೆಯ ದಿನ ನಾವು ಅದನ್ನು ತೆಗೆದು, ಮೂಲೆಯಲ್ಲಿ ಅಚ್ಚಾಗಿದ್ದ ಅಂಚೆಚೀಟಿಯನ್ನು ಕತ್ತರಿಯಿಂದ ಅಂದವಾಗಿ ಕತ್ತರಿಸಿಕೊಂಡೆವು.

ಲಕೋಟೆಯ ಮೂಲೆಯನ್ನು ಕತ್ತರಿಸಿದರೆ ಒಳಗಿನ ಪತ್ರಕ್ಕೆ ಏನೂ ಆಗದು. ಇನ್‌ಲ್ಯಾಂಡಿನ ಚೀಟಿ ಹಾಗಲ್ಲ. ಅದು ಪತ್ರದ ಕಾಗದದ ಮೇಲೆಯೇ ಅಚ್ಚಾದದ್ದು, ಅದರ ಬೆನ್ನಿನಲ್ಲಿ ಬರೆದವರ ಅಕ್ಷರಗಳಿರುತ್ತವೆ. ಈ ವ್ಯತ್ಯಾಸ ನಮಗೆ ತಿಳಿದಿರಲಿಲ್ಲ. ತಿಳಿಯುವಷ್ಟು ವ್ಯವಧಾನವೂ ಇರಲಿಲ್ಲ. ಆ ತುಣುಕನ್ನು ಬಸ್ ನಿಲ್ದಾಣದ ಹತ್ತಿರದ ಮಲೆಯಾಳಿ ಚಹಾದಂಗಡಿಯವರ ಮಗನಿಗೆ ಕೊಟ್ಟು, ಅವನಿಂದ ಸಿಲೋನಿನ ಎರಡು ಚೀಟಿಗಳನ್ನು ಪಡೆದು ಲಾಭ ಮಾಡಿಕೊಂಡೆವೆಂದು ಬೀಗಿದೆವು.

ಹತ್ತು ದಿನಗಳೂ ಕಳೆದಿರಲಿಲ್ಲ. ತಂದೆಯವರು ಜ್ವರದಿಂದ ಲಿಂಗೈಕ್ಯರಾದ ಸುದ್ದಿ ಬಂದಿತು. ಆ ದಿನಗಳನ್ನು ಇಲ್ಲಿ ವಿವರಿಸುವುದಿಲ್ಲ. ಕ್ರಿಯಾವಿಧಿಗಳೆಲ್ಲ ಮುಗಿದ ಮೇಲೆ ಅವ್ವ ಗೂಡಿನಿಂದ ಆ ಪತ್ರವನ್ನು ತೆಗೆಸಿದರು. ಸೀರೆಯ ಬಾಕಿ ಯಾರಿಗೆ ಕೊಡಬೇಕೆಂದು ನೋಡು ಎಂದು ಅಕ್ಕನಿಗೆ ಹೇಳಿದರು. ಅಕ್ಕ ಓದುತ್ತ ಬಂದು ನಿಂತುಬಿಟ್ಟಳು. ಬಾಕಿ ಎಷ್ಟೆಂಬುದು ಇತ್ತು. ಯಾವ ಬೀದಿಯೆಂಬುದರ ಅರ್ಧ ಇತ್ತು. ಹೆಸರಿರಬೇಕಾದಲ್ಲಿ ಚೌಕಾಕಾರದ ಒಂದು ತೂತು. ಮೊದಲ ಸಲ ಓದಿದಾಗ ಕಂಡ ಹೆಸರು ಅವಳಿಗೆ ನೆನಪಿಗೆ ಬರಲಿಲ್ಲ. ಕೊಳ್ಳೇಗಾಲದಲ್ಲಿ ನೇಕಾರರ ಮನೆಗಳು ಒಂದೆರಡೇ?

ಅವ್ವ ನಮ್ಮನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. "ಋಣ ಹೊತ್ಕೊಂಡು ಹೋಗ್ಬಾರ್ದು ಅವ್ರು" ಎಂದಷ್ಟೇ ಹೇಳಿ ಒಳಗೆ ಹೋದರು.

ನಾವು ಓಡಿದ್ದು ಚಹಾದಂಗಡಿಗೆ. ಊರವರೆಲ್ಲ ಚೇಟ ಎಂದು ಕರೆಯುತ್ತಿದ್ದ ಆ ಹಿರಿಯರಿಗೆ ಅಳುತ್ತಳುತ್ತಲೇ ವಿಷಯವನ್ನು ತಿಳಿಸಿದೆವು. ಅವರು ಮಗನನ್ನು ಕರೆದು ಪುಸ್ತಕ ತರಿಸಿದರು. ತುಣುಕು ಇತ್ತು, ಆದರೆ ಹುಡುಗ ಅದನ್ನು ಮೈದಾ ಹಿಟ್ಟಿನ ಅಂಟಿನಿಂದ ಗಟ್ಟಿಯಾಗಿ ಮೆತ್ತಿಬಿಟ್ಟಿದ್ದ. ನೀರಿನಲ್ಲಿ ನೆನೆಹಾಕಿದರೆ ಶಾಯಿ ಕರಗಿ ಅಕ್ಷರಗಳೇ ಹೋಗುತ್ತವೆ. ಚೇಟ ಗಿರಾಕಿಗಳಿಗೆ ಸ್ವಲ್ಪ ತಡೆಯಿರೆಂದು ಹೇಳಿ, ಆ ಹಾಳೆಯನ್ನು ಚಹಾ ಕಾಯಿಸುವ ಪಾತ್ರೆಯ ಬಾಯಿಯಿಂದ ಒಂದು ಗೇಣು ಮೇಲೆ ಹಿಡಿದರು. ಹಬೆ ತಾಗಿದಷ್ಟು ತಾಗಿಸಿ, ತೆಗೆದು, ಬೆರಳಿನಿಂದ ಅಂಚನ್ನು ಎಬ್ಬಿಸಿ, ಮತ್ತೆ ಹಬೆಗೆ ಹಿಡಿಯುವರು. ಅರ್ಧ ಗಂಟೆಯಾದರೂ ಹಿಡಿದಿರಬೇಕು. ಚೀಟಿ ಬಿಟ್ಟುಕೊಂಡಿತು. ನೀಲಿ ಶಾಯಿ ಹರಡಿ ಮಂಜುಮಂಜಾಗಿದ್ದರೂ ತಂದೆಯವರ ಕೈಬರಹದ ಹೆಸರು ಓದಲು ಬರುತ್ತಿತ್ತು. ಕನ್ನಡ ಓದಲು ಬಾರದ ಚೇಟ ಅದನ್ನು ನಮ್ಮ ಕೈಗಿತ್ತು, "ಸರಿಯಾ, ನೋಡು" ಎಂದರು.

ಸೋದರಮಾವನವರು ಕೊಳ್ಳೇಗಾಲಕ್ಕೆ ಹೋಗಿ 35 ರೂಪಾಯಿಗಳನ್ನು ಸಲ್ಲಿಸಿ ಬಂದರು. ಆ ನೇಕಾರ ದಂಪತಿಗಳು ಅಕ್ಕನ ಮದುವೆಗೆ ಬಂದಿದ್ದರು.

ಮರುದಿನ ಸಿಲೋನಿನ ಚೀಟಿಗಳನ್ನು ಹಿಂತಿರುಗಿಸಲು ಹೋದಾಗ ಚೇಟ ಅವನ್ನು ತೆಗೆದುಕೊಳ್ಳಲಿಲ್ಲ. ತಮ್ಮ ಗಲ್ಲಾಪೆಟ್ಟಿಗೆಯಿಂದ ಇನ್ನೊಂದು ಚೀಟಿಯನ್ನು ತೆಗೆದು ತೋರಿಸಿದರು. ಅದರಲ್ಲಿದ್ದವರು, ಅಂಗಡಿಯ ಗೋಡೆಯ ಮೇಲಿನ ಪಟದಲ್ಲಿದ್ದ ಸ್ವಾಮಿಗಳೇ. ಬಸವಣ್ಣನವರ ಚೀಟಿ ಬಂದ ವರ್ಷವೇ, 1967ರ ಆಗಸ್ಟ್ 21ರಂದು ಹೊರಬಂದ ಶ್ರೀ ನಾರಾಯಣ ಗುರುಗಳ ಚೀಟಿ. ಬೆಲೆ ಅದೇ 15 ಪೈಸೆ. ಅವರು ಯಾರೆಂದು ಕೇಳಿದೆವು. ದೇವಸ್ಥಾನದೊಳಕ್ಕೆ ಸೇರಿಸದಿದ್ದ ಜನರ ನಡುವೆ ಹುಟ್ಟಿ, 1888ರಲ್ಲಿ ಅರುವಿಪ್ಪುರದಲ್ಲಿ ಹೊಳೆಯೊಳಗಿನ ಕಲ್ಲನ್ನೆತ್ತಿ ಶಿವಲಿಂಗವೆಂದು ತಾವೇ ಪ್ರತಿಷ್ಠಾಪಿಸಿದ ಕಥೆಯನ್ನು ಅವರು ತಮ್ಮ ಹರಕು ಕನ್ನಡದಲ್ಲಿ ಹೇಳಿದರು. ಶಿವಲಿಂಗದ ಮಾತು ಬಂದೊಡನೆ ನಮಗೆ ಅವರು ನಮ್ಮವರೇ ಎನಿಸಿಬಿಟ್ಟರು. ನಮ್ಮ ಬಸವಣ್ಣನವರು ಯಾರೆಂದು ಅವರೂ ಕೇಳಿದರು. ಹನ್ನೆರಡು ವರ್ಷದ ನಮಗೆ ತಿಳಿದಷ್ಟನ್ನು, ಕಲ್ಯಾಣದ ಅನುಭವ ಮಂಟಪದಲ್ಲಿ ಮಾದಾರ, ಮಡಿವಾಳ, ಅಂಬಿಗರೆಲ್ಲ ಒಟ್ಟಿಗೆ ಕುಳಿತದ್ದನ್ನು ಹೇಳಿದೆವು. ಗಿರಾಕಿಗಳು ಕೂಡ ಕೇಳುತ್ತಿದ್ದರು. ಅಂದು ನಾವು ಹೇಳಿದ್ದರಲ್ಲಿ ತಪ್ಪುಗಳಿದ್ದಿರಬೇಕು.

ಅಂದಿನಿಂದ ನಮ್ಮ ಲೆಕ್ಕದ ಪುಸ್ತಕದಲ್ಲಿ ಬಸವಣ್ಣನವರ ಎದುರು ಪುಟದಲ್ಲಿ ನಾರಾಯಣ ಗುರುಗಳಿದ್ದಾರೆ. ದೇಶವಾರು ಚೀಟಿಗಳನ್ನು ಕಲೆಹಾಕುವ ಗೀಳು ನಮ್ಮನ್ನು ಬಿಟ್ಟುಹೋಯಿತು. ಒಂದು ವಿಷಯವನ್ನು ಹಿಡಿದು, ಅದಕ್ಕೆ ಸಂಬಂಧಿಸಿದವುಗಳನ್ನು ಮಾತ್ರ ಅರಸುವ ಪದ್ಧತಿಯನ್ನು ವಿಷಯಾಧಾರಿತ ಸಂಗ್ರಹವೆಂದು ಕರೆಯುತ್ತಾರೆಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಸಂತರು ಮತ್ತು ಸುಧಾರಕರು ಎಂಬುದು ನಮ್ಮ ವಿಷಯವಾಯಿತು. ಸ್ವತಂತ್ರ ಭಾರತವು 1952ರ ಅಕ್ಟೋಬರ್ 1ರಂದು ಸಂತಕವಿಗಳ ಮಾಲೆಯನ್ನು ಹೊರತಂದಾಗ ಅದರಲ್ಲಿ ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್, ಟಾಗೋರ್ ಆರು ಮಂದಿಯಿದ್ದರು. ನೇಕಾರ ಕಬೀರನ ಬೆಲೆ 9 ಪೈ, ಕವೀಂದ್ರರ ಬೆಲೆ 12 ಆಣೆ. ಇದನ್ನು ಕಂಡು ನಾವು ಅನೇಕ ಸಲ ನಕ್ಕಿದ್ದೇವೆ. ಆದರೆ ಅಗ್ಗದ ಚೀಟಿಯೇ ಹೆಚ್ಚು ಮನೆಗಳಿಗೆ ಹೋಗುವುದೆಂಬುದನ್ನೂ ಮರೆಯಬಾರದು. 1960ರಲ್ಲಿ ತಿರುವಳ್ಳುವರ್, 1964ರಲ್ಲಿ ಪುರಂದರದಾಸರು, 1967ರಲ್ಲಿಯೇ ಗುಜರಾತಿನ ನರಸಿಂಹ ಮೆಹತಾ, 1977ರ ಅಕ್ಟೋಬರ್ 23ರಂದು ಕಿತ್ತೂರು ರಾಣಿ ಚೆನ್ನಮ್ಮ. ರಾಣಿ ಚೆನ್ನಮ್ಮ ಸಂತಳೂ ಅಲ್ಲ, ಸುಧಾರಕಿಯೂ ಅಲ್ಲ. ಆದರೂ ನಮ್ಮ ಅವ್ವನ ಒತ್ತಾಯಕ್ಕೆ ಕಟ್ಟುಬಿದ್ದು ಆಕೆಗೊಂದು ಜಾಗ ಕೊಟ್ಟೆವು. ಮನೆಯ ಸಂಗ್ರಹಕ್ಕೆ ಅಷ್ಟು ಸಡಿಲವಿದ್ದರೆ ತಪ್ಪೇನಿಲ್ಲ.

ಮೊದಮೊದಲು ನಮ್ಮ ಬಳಿ ಇಲ್ಲದ ಚೀಟಿಗಳನ್ನು ಪಡೆಯಲು ಬೇರೆಯವರ ಮನೆಯ ಬಾಗಿಲನ್ನು ತಟ್ಟಲೇಬೇಕಾಗಿತ್ತು. ತಿರುವಳ್ಳುವರ್ ದೊರೆತದ್ದು ತಾಳವಾಡಿಯ ಒಬ್ಬ ತಮಿಳು ಮೇಷ್ಟರಿಂದ. ಗಾಲಿಬ್ ದೊರೆತದ್ದು ಚಾಮರಾಜನಗರದ ಬಟ್ಟೆ ಹೊಲಿಯುವ ಸಾಹೇಬರೊಬ್ಬರಿಂದ. ಅವರು ಒಂದು ಷರತ್ತು ಹಾಕಿದರು: ಚೀಟಿ ಬೇಕಾದರೆ ಗಾಲಿಬನ ಒಂದು ದ್ವಿಪದಿಯನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕು. ಒಪ್ಪಿಸಿದೆವು. ಅರ್ಥವನ್ನು ಅವರು ಆಮೇಲೆ ಹೇಳಿಕೊಟ್ಟರು.

ಈಗಿನ ಮಕ್ಕಳು ಸಂತರ ಪುಟಗಳನ್ನು ಗೌರವದಿಂದ ತಿರುವಿಹಾಕಿ ನಿಲ್ಲುವುದು ನಮ್ಮ ಜಿಲ್ಲೆಯ ಪುಟಗಳ ಬಳಿ. ಚಾಮರಾಜನಗರವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದಾಗ ಆ ಪುಟಗಳನ್ನು ತೆರೆದೆವು. 1963ರ ಅಕ್ಟೋಬರ್ 7ರಂದು ವನ್ಯಜೀವಿಗಳ ಐದು ಚೀಟಿಗಳು ಹೊರಬಂದಿದ್ದವು. ಅವುಗಳ ಪೈಕಿ ಕಾಟಿ, ಆನೆ, ಹುಲಿ ಮೂರೂ ಬಂಡೀಪುರದ ನಿವಾಸಿಗಳು. ಕೆಂಪು ಪಾಂಡಾ ಮತ್ತು ಸಿಂಹಗಳಿಗೆ ನಮ್ಮ ಪುಟದಲ್ಲಿ ಪ್ರವೇಶವಿಲ್ಲ. 1973ರ ಏಪ್ರಿಲ್ 1ರಂದು ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ಮೀಸಲು ಅರಣ್ಯಗಳಲ್ಲಿ ಬಂಡೀಪುರವೂ ಒಂದು. ಯೋಜನೆಗೆ ಹತ್ತು ವರ್ಷ ತುಂಬಿದ ನೆನಪಿಗೆ 1983ರಲ್ಲಿ 2 ರೂಪಾಯಿಯ ಹುಲಿಯ ಚೀಟಿ ಬಂದಿತು. 2007ರಲ್ಲಿ ರಾಷ್ಟ್ರೀಯ ಉದ್ಯಾನಗಳ ಮಾಲೆಯಲ್ಲಿ ಬಂಡೀಪುರದ ಹೆಸರೇ ಅಚ್ಚಾಯಿತು. ಅದರ ಜೊತೆಯಲ್ಲಿಯೇ ನೆರೆಯ ಮುದುಮಲೆಯದೂ ಬಂದಿತು. ಗಡಿಯ ಗೆರೆ ಆನೆಗೆ ತಿಳಿಯದು. ಎರಡೂ ಚೀಟಿಗಳನ್ನು ನಾವು ಅಂಚಿಗೆ ಅಂಚು ಸೇರಿಸಿ ಇಟ್ಟಿದ್ದೇವೆ. ಕಾಡಂಚಿನಲ್ಲಿ ಜೋಳ ಬೆಳೆಯುವ ನಮ್ಮ ನೆಂಟರೊಬ್ಬರು ಮಾತ್ರ ಈ ಪುಟವನ್ನು ನೋಡಿ, ಆನೆ ಇಷ್ಟೇ ಗಾತ್ರ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಟ್ಟರು.

ಪಕ್ಕದ ಹಾಳೆಯಲ್ಲಿ ಶ್ರೀಗಂಧದ ಚೀಟಿಯಿದೆ. 2006ರ ಡಿಸೆಂಬರ್ 13ರಂದು ಹೊರಬಂದ 15 ರೂಪಾಯಿಯ ಆ ಚೀಟಿ ಭಾರತದ ಮೊದಲ ಪರಿಮಳದ ಅಂಚೆಚೀಟಿ. ಗಂಧದ ಮರಕ್ಕಾಗಿ ನಮ್ಮ ಕಾಡುಗಳಲ್ಲಿ ಹರಿದ ರಕ್ತವನ್ನು ಬಲ್ಲವರಿಗೆ ಆ ಪರಿಮಳ ಬೇರೆಯದೇ ಆಗಿ ತಾಗುತ್ತಿತ್ತು. ಈಗ ಮೂಗಿಗೆ ಹಿಡಿದರೂ ವಾಸನೆಯಿಲ್ಲ. ಅದರ ಕೆಳಗೆ 2009ರ ನವೆಂಬರ್ 1ರಂದು ಬಂದ ಡಾ. ರಾಜಕುಮಾರರ ಚೀಟಿ. ಗಾಜನೂರು ಆಡಳಿತದಲ್ಲಿ ತಮಿಳುನಾಡಿಗೆ ಸೇರಿದ್ದರೂ ಆ ಭಾಗದ ಜನ ಸಂತೆಗೆ, ಮದುವೆಯ ಜವಳಿಗೆ ಚಾಮರಾಜನಗರಕ್ಕೇ ಬರುವವರು. ಮುತ್ತುರಾಜರನ್ನು ನಮ್ಮ ಪುಟದಿಂದ ಹೊರಗಿಡಲು ಯಾರಿಗೆ ಮನಸ್ಸಾದೀತು?

ಮನೆಯಲ್ಲಿ ಈ ಹವ್ಯಾಸವನ್ನು ಆರಂಭಿಸಬಯಸುವ ತಾಯಿತಂದೆಯರಿಗೆ ಕೆಲವು ಮಾತುಗಳು. ಮೈದಾ ಅಂಟನ್ನು ಎಂದೂ ಬಳಸಬೇಡಿ. ಜಿರಲೆಗಳಿಗೂ ಬೆಳ್ಳಿಹುಳುಗಳಿಗೂ ಅದು ಹಬ್ಬದೂಟ. ಚೀಟಿಯನ್ನು ಬೆರಳಿನಿಂದ ಮುಟ್ಟದೆ ಚಿಮ್ಮಟದಿಂದ ಹಿಡಿಯುವುದನ್ನು ಕಲಿಸಿರಿ. ಅಂಚಿನ ಹಲ್ಲು ಮುರಿದರೆ ಬೆಲೆ ಕುಗ್ಗುತ್ತದೆ. ಪೋಸ್ಟ್ ಕಾರ್ಡು, ಇನ್‌ಲ್ಯಾಂಡ್, ಮುದ್ರೆ ಸ್ಪಷ್ಟವಾಗಿರುವ ಲಕೋಟೆ, ಇವುಗಳನ್ನು ಎಂದೆಂದಿಗೂ ಕತ್ತರಿಸಕೂಡದು, ಇಡಿಯಾಗಿಯೇ ಇಡಬೇಕು. ಇದನ್ನು ನಾವು ಹೇಳುವಷ್ಟು ಅಧಿಕಾರದಿಂದ ಬೇರೆ ಯಾರೂ ಹೇಳಲಾರರು. ಅಂಚೆ ಇಲಾಖೆಯಲ್ಲಿ 200 ರೂಪಾಯಿಗಳ ಠೇವಣಿಯಿಟ್ಟು ಖಾತೆ ತೆರೆದರೆ ಹೊಸ ಚೀಟಿಗಳು ಮನೆಗೇ ಬರುತ್ತವೆ. 2017ರಲ್ಲಿ ಇಲಾಖೆಯು ಆರಂಭಿಸಿದ ದೀನ್ ದಯಾಳ್ ಸ್ಪರ್ಶ ಯೋಜನೆಯನ್ವಯ 6ರಿಂದ 9ನೆಯ ತರಗತಿಯವರೆಗಿನ, ಈ ಹವ್ಯಾಸವುಳ್ಳ ಮಕ್ಕಳಿಗೆ ಪರೀಕ್ಷೆ ನಡೆಸಿ ವರ್ಷಕ್ಕೆ 6,000 ರೂಪಾಯಿಗಳ ವಿದ್ಯಾರ್ಥಿವೇತನವನ್ನು ಗೊತ್ತುಮಾಡಲಾಯಿತು. ಶಾಲೆಯಲ್ಲಿ ಅಂಚೆಚೀಟಿ ಸಂಘವಿರಬೇಕು. ಇಲ್ಲವಾದರೆ ಮಗುವಿನ ಹೆಸರಿನಲ್ಲಿ ಆ ಠೇವಣಿ ಖಾತೆಯಾದರೂ ಇರಬೇಕು. ನಮ್ಮ ಹಳ್ಳಿಗಾಡಿನ ಶಾಲೆಗಳಲ್ಲಿ ಇದರ ಸುದ್ದಿಯೇ ತಲುಪಿಲ್ಲವೆಂಬುದು ನಮ್ಮ ಅನುಭವ. ನಿಮ್ಮ ಅಂಚೆ ಕಚೇರಿಯಲ್ಲಿ ಖುದ್ದಾಗಿ ವಿಚಾರಿಸಿರಿ.

ಹಣ ತೆತ್ತರೆ ನಮ್ಮ ಭಾವಚಿತ್ರವನ್ನೇ ಚೀಟಿಯ ಪಕ್ಕದಲ್ಲಿ ಅಚ್ಚು ಹಾಕಿಕೊಡುವ ಮೈ ಸ್ಟ್ಯಾಂಪ್ ಎಂಬ ಏರ್ಪಾಡೂ ಇದೆ. ಮದುವೆಗೆ, ಷಷ್ಟ್ಯಬ್ದಿಗೆ ಮಾಡಿಸುವವರಿದ್ದಾರೆ. ಬೇಡವೆನ್ನಲಾರೆವು. ಆದರೆ ತನ್ನದೇ ಮುಖವನ್ನು ಕೂಡಿಡಲು ಬೇರೆ ಯಾರ ಮನೆಗೂ ಹೋಗಬೇಕಾಗಿಲ್ಲವಲ್ಲ!

ಕಾಲ ಬದಲಾಗಿದೆ. ನಾಲ್ಕು ಮೂಲೆಗಳಿಗೆ ಅರಿಸಿನ ಹಚ್ಚಿದ ಲಗ್ನಪತ್ರಿಕೆಗಳು ಮೊಬೈಲಿನಲ್ಲಿ ಬರುತ್ತಿವೆ. ಕಚೇರಿಯ ಕಿಟಕಿಯಲ್ಲಿ ಪತ್ರ ಕೊಟ್ಟರೆ ಚೀಟಿಯ ಬದಲು ಗೆರೆಗಳ ಕಾಗದವನ್ನು ಅಂಟಿಸುತ್ತಾರೆ. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೂ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ಕೋರಿಕೆ: ಹಿರಿಯರು ತೀರಿಕೊಂಡಾಗ ಅವರ ಟ್ರಂಕನ್ನು ಹಾಗೆಯೇ ರದ್ದಿಯವನಿಗೆ ತೂಕಕ್ಕೆ ಹಾಕದಿರಿ. ಒಂದು ಮಧ್ಯಾಹ್ನ ಕುಳಿತು ಮಕ್ಕಳೊಡನೆ ಪತ್ರಗಳನ್ನು ಬಿಡಿಸಿ ಓದಿರಿ. ಚೀಟಿಯ ಮುಖವನ್ನು ನೋಡಿದಂತೆ ಬೆನ್ನನ್ನೂ ನೋಡಿರಿ.

ಚಹಾದಂಗಡಿಯ ಆ ಹುಡುಗ ಈಗ ಸುಲ್ತಾನ್ ಬತ್ತೇರಿಯಲ್ಲಿ ಮೊಮ್ಮಕ್ಕಳೊಡನೆ ಇದ್ದಾನೆ. ಕಳೆದ ಬಸವ ಜಯಂತಿಗೆ ಬಂದಿದ್ದಾಗ ಪುಸ್ತಕವನ್ನು ಕೇಳಿ ತೆಗೆಸಿದ. ಕೊನೆಯ ಪುಟಕ್ಕೆ ಹೋದ. ಅಲ್ಲಿ ತಂದೆಯವರ ಇನ್‌ಲ್ಯಾಂಡ್ ಪತ್ರ ಮಡಿಸಿಟ್ಟದ್ದು ಹಾಗೆಯೇ ಇದೆ. ತುಣುಕನ್ನು ಆ ತೂತಿನ ಜಾಗದಲ್ಲಿ ಸುಮ್ಮನೆ ಇಟ್ಟಿದ್ದೇವೆ, ಅಂಟಿಸಿಲ್ಲ. ಅವನು ಅದನ್ನು ಚಿಮ್ಮಟದಿಂದ ಎತ್ತಿ, ಹಿಂದುಮುಂದು ತಿರುಗಿಸಿ ನೋಡಿ, ಮತ್ತೆ ಅದೇ ಜಾಗದಲ್ಲಿಟ್ಟು, ಸಿಲೋನಿನ ಆ ಎರಡು ಚೀಟಿಗಳು ಎಲ್ಲಿ ಎಂದು ಕೇಳಿದ. ತೋರಿಸಿದೆವು.